ಮೇಷ್ಟ್ರು ಹೊಲಿದ ಬೆಲ್ಟು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಲವತ್ತು ವರ್ಷ ಚರ್ಮದ ಚೀಲ ಹೊಲಿದವರು. ಆ ವಿದ್ಯೆಯನ್ನು ಏಳೆಂಟು ಜನಕ್ಕೆ ಕೈಹಿಡಿದು ಕಲಿಸಿದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ತಮ್ಮ ಕೈಯಿಂದ ಹೊರಬಿದ್ದ ಚೀಲ ಈವರೆಗೆ ಹರಿದದ್ದಿಲ್ಲವೆಂಬ ಸಂಗತಿಯನ್ನು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಹೋದ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮೂರು ತಿಂಗಳು ಸೂಜಿ ಮುಟ್ಟಕೂಡದೆಂದು ವೈದ್ಯರು ಅಪ್ಪಣೆ ಮಾಡಿದರು. ಮೂರು ತಿಂಗಳು ಕಳೆದು ದೃಷ್ಟಿಯೇನೋ ತಿಳಿಯಾಯಿತು; ಧೈರ್ಯ ಮಾತ್ರ ಹಿಂದಿರುಗಲಿಲ್ಲ. ಅಂಗಡಿಯನ್ನು ಬಿಟ್ಟುಕೊಟ್ಟು, ಹತ್ಯಾರುಗಳನ್ನೆಲ್ಲ ಮನೆಯ ಹಿಂದಿನ ಕೋಣೆಯ ಮೇಜಿನ ಮೇಲೆ ಜೋಡಿಸಿ, ಮೇಲೊಂದು ಹಳೆಯ ಹಾಸು ಹೊದಿಸಿದರು. ಎಂಟು ತಿಂಗಳು ಆ ಹಾಸು ಕದಲಲಿಲ್ಲ. ನಲ್ಲಿ ತೊಟ್ಟಿಕ್ಕಿದರೂ ಕಿಟಕಿ ಕಿರುಗುಟ್ಟಿದರೂ ಹೆಂಡತಿಯ ಮೇಲೆ ರೇಗುವುದೇ ಅವರ ಹೊಸ ಉದ್ಯೋಗವಾಯಿತು.

ಆ ಹೆಂಡತಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಗಟ್ಟಿಗಿತ್ತಿ. ಮೂಳೆ ಸವೆಯತೊಡಗಿದೆ, ಭಾರ ಎತ್ತುವ ವ್ಯಾಯಾಮ ಮಾಡಿ ಎಂದು ವೈದ್ಯೆ ಹೇಳಿದ ಮರುದಿನವೇ ಆಕೆ ಪಕ್ಕದ ಬೀದಿಯ ಜಿಮ್ಮಿಗೆ ಸೇರಿದಳು.

"ಅರವತ್ತಕ್ಕೆ ಪೈಲ್ವಾನಿಕೆ ಶುರು ಮಾಡ್ತೀಯೇನೇ?" ಎಂದರು ಮೇಷ್ಟ್ರು.

"ಮೂವತ್ತೈದು ವರ್ಷ ನಿಮ್ಮನ್ನ ಹೊತ್ತ ಅಭ್ಯಾಸ ಇದ್ಯಲ್ರೀ, ಸುಮ್ನೆ ಯಾಕೆ ಹಾಳು ಮಾಡ್ಬೇಕು?"

ಅರ್ಧ ವರ್ಷದಲ್ಲಿ ಆಕೆ ಅರವತ್ತು ಕಿಲೋ ತೂಕದ ಕಬ್ಬಿಣದ ಸರಳನ್ನು ನೆಲದಿಂದ ತೊಡೆಯ ಮಟ್ಟಕ್ಕೆ ಎತ್ತಿ ನೆಟ್ಟಗೆ ನಿಲ್ಲುವಂತಾದಳು. ತಿಂಗಳ ಕೊನೆಯ ಭಾನುವಾರ ಜಿಮ್ಮಿನಲ್ಲಿ ಎಲ್ಲರ ಶಕ್ತಿಪರೀಕ್ಷೆ. ಅಂದು ಎಪ್ಪತ್ತು ಎತ್ತಬೇಕೆಂಬುದು ಆಕೆಯ ಹಟ. ಅಷ್ಟು ತೂಕಕ್ಕೆ ಸೊಂಟಕ್ಕೊಂದು ಬೆಲ್ಟು ಇರಲಿ ಎಂದು ಕೋಚ್ ಹೇಳಿದ್ದಳು.

"ನಾಳೆ ಅಂಗಡಿಗೆ ಹೋಗಿ ಒಂದು ತಗೋತೀನಿ" ಎಂದು ಆಕೆ ಊಟದ ನಡುವೆ ಹೇಳಿದ್ದೇ ತಡ, ಮೇಷ್ಟ್ರ ಕೈಯ ತುತ್ತು ಅರ್ಧದಾರಿಯಲ್ಲಿ ನಿಂತಿತು.

"ಅಂಗಡೀದಾ? ನಾನಿನ್ನೂ ಬದುಕಿದೀನಿ ಕಣೇ!"

ಮರುದಿನ ಬೆಳಿಗ್ಗೆ ಮೇಜಿನ ಹಾಸು ಮೂಲೆ ಸೇರಿತು. ಮೇಷ್ಟ್ರಿಗೆ ಚೀಲದ ಶಾಸ್ತ್ರ ಕರತಲಾಮಲಕ: ಭಾರ ಎಲ್ಲಿ ಕೂರುವುದೋ ಅಲ್ಲಿ ಪಟ್ಟಿ ಅಗಲವಾಗಬೇಕು, ಮೆತ್ತಗಾಗಬೇಕು, ಉಳಿದೆಡೆ ಹಗುರಾಗಬೇಕು. ಭಾರ ಎತ್ತುವವರಿಗೆ ನೋಯುವುದು ಬೆನ್ನು ತಾನೆ? ಹಾಗಾಗಿ ಬೆನ್ನಿಗೆ ಒಂದು ಗೇಣಿನಷ್ಟು ಅಗಲ, ಒಳಗೆ ಸ್ಪಂಜಿನ ಮೆತ್ತೆ. ಹೊಟ್ಟೆಯ ಕಡೆಗೆ ಬರಬರುತ್ತ ಕಿರಿದಾಗಿ ಎರಡೇ ಬೆರಳು, ಮೃದುವಾದ ಚರ್ಮ. ಅಂಚಿಗೆ ಜೋಡಿಸಾಲಿನ ಹೊಲಿಗೆ, ಸಾಲುಗಳ ನಡುವೆ ಬಳ್ಳಿಯ ಕೆತ್ತನೆ. ಮೇಣ ಸವರಿದ ದಾರ ಮೊದಲ ದಿನ ನಾಲ್ಕು ಬಾರಿ ತಪ್ಪಿತು, ಎರಡನೆಯ ದಿನ ಒಮ್ಮೆ, ಆಮೇಲೆ ತಪ್ಪಲಿಲ್ಲ. ನಾಲ್ಕನೆಯ ಸಂಜೆ ಬೆಲ್ಟನ್ನು ಹೆಂಡತಿಯ ಮಡಿಲಿಗೆ ಹಾಕಿದಾಗ ಮೇಷ್ಟ್ರ ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು.

"ಹೇಗಿತ್ತು?" ಎಂದು ಅಂದಿನಿಂದ ದಿನವೂ ವಿಚಾರಣೆ.

"ಹೂವಿನ ಹಾಗಿತ್ತು ಕಣ್ರೀ" ಎನ್ನುತ್ತಿದ್ದಳು ಆಕೆ, ಗೋಡೆಯ ಕಡೆ ನೋಡುತ್ತ.

ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು. ತೊಟ್ಟಿಕ್ಕುವ ನಲ್ಲಿಯನ್ನು ತಾವೇ ಬಿಚ್ಚಿ ಸರಿಮಾಡಿದರು. ಜಿಮ್ಮಿನ ಉಳಿದವರೂ ಇಂಥದ್ದೇ ಬೇಕೆಂದು ದುಂಬಾಲು ಬೀಳುತ್ತಿರಬಹುದು, ಇವಳು ನಾಚಿಕೊಂಡು ಹೇಳುತ್ತಿಲ್ಲ ಎಂಬ ಅನುಮಾನ ಬಂದು, ಒಂದು ಸಂಜೆ ಇಸ್ತ್ರಿ ಅಂಗಿ ತೊಟ್ಟು ಹೊರಟೇಬಿಟ್ಟರು.

ರಬ್ಬರು ಹಾಸಿದ ನೆಲ, ಕಬ್ಬಿಣ ಮತ್ತು ಬೆವರಿನ ವಾಸನೆ, ಅಂಗೈಗೆ ಸವರುವ ಬಿಳಿಪುಡಿಯ ಧೂಳು. ಬಾಗಿಲ ಪಕ್ಕದ ಮೊಳೆಯಲ್ಲಿ, ಒದ್ದೆ ಟವೆಲ್ಲುಗಳ ನಡುವೆ ನೇತಾಡುತ್ತಿತ್ತು ಅವರ ಬೆಲ್ಟು. ಅತ್ತ ಕನ್ನಡಿಯ ಮುಂದೆ ಹೆಂಡತಿ ಸರಳಿನ ಮೇಲೆ ಬಾಗಿದ್ದಳು. ಆಕೆಯ ಸೊಂಟದಲ್ಲಿ ಬೆವರಿಗೆ ಕಪ್ಪಾಗಿ ಅಂಚು ಬಿರಿದ, ನೋಡಲೂ ಅಸಹ್ಯವಾದ ಬೇರೆಯವರ ಬೆಲ್ಟೊಂದಿತ್ತು. ಮೇಷ್ಟ್ರು ಸದ್ದಿಲ್ಲದೆ ಹಿಂದಕ್ಕೆ ತಿರುಗಿದರು. ಆದರೆ ಕನ್ನಡಿ ಅವರನ್ನು ಹಿಡಿದುಕೊಟ್ಟಿತು.

"ರೀ, ನಿಲ್ಲಿ!"

"ಹೂವಿನ ಹಾಗಿತ್ತು ಅಂದ್ಯಲ್ಲೇ."

ಹೆಂಡತಿ ಸೊಂಟದ ಬೆಲ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿದಳು. "ಎಂಟು ತಿಂಗಳಾದ್ಮೇಲೆ ದಾರ ಹಿಡಿದ್ರಿ. ಚೆನ್ನಾಗಿಲ್ಲ ಅಂದ್ರೆ ಮತ್ತೆ ಆ ಹಾಸು ಹೊದಿಸಿ ಕೂತ್ಬಿಡ್ತೀರಿ ಅಂತ ಹೆದರಿಕೆ ಆಯ್ತು."

ಬೆಲ್ಟು ಕೆಟ್ಟದ್ದೆಂಬುದಕ್ಕಿಂತ ಈ ಮಾತು ಮೇಷ್ಟ್ರಿಗೆ ಆಳವಾಗಿ ನಾಟಿತು. "ಹಿಡಿ ಗಿಡ್ಡ ಆಯ್ತು, ಬಣ್ಣ ಸರಿಯಿಲ್ಲ ಅಂತ ನಲವತ್ತು ವರ್ಷ ಗಿರಾಕಿಗಳ ಹತ್ರ ಬೈಸ್ಕೊಂಡೋನು ನಾನು. ಅಯ್ಯೋ ಪಾಪ ಅಂದೋಳು ನೀನೊಬ್ಳೇ."

"ನಾನು ಹೇಳ್ತೀನಿ ಅಂದೆ ಅಂಕಲ್, ಆಂಟಿ ಬಾಯಿ ಮುಚ್ಚಿಸಿಬಿಟ್ರು" ಎಂದಳು ಅಲ್ಲಿಗೆ ಬಂದ ಕೋಚ್, ಮಗಳ ವಯಸ್ಸಿನ ಹುಡುಗಿ.

"ಹಾಗಾದ್ರೆ ಈಗ ಹೇಳಮ್ಮ. ಏನು ದೋಷ?"

ಹುಡುಗಿ ಬಾಯಲ್ಲಿ ಹೇಳಲಿಲ್ಲ. ಮೇಷ್ಟ್ರ ಸೊಂಟಕ್ಕೆ ಅವರದೇ ಬೆಲ್ಟು ಕಟ್ಟಿ, "ಹೊಟ್ಟೆ ತುಂಬ ಉಸಿರು ತಗೊಳ್ಳಿ. ಬಿಡ್ಬೇಡಿ. ಈಗ ಹೊಟ್ಟೇನ ಸುತ್ತಲೂ ಹೊರಕ್ಕೆ ಒತ್ತಿ" ಎಂದಳು. ಮುಂದಿನ ಮೆತ್ತನೆಯ ಪಟ್ಟಿ ಸುಕ್ಕಾಗಿ ಬಾಗಿತು, ಒತ್ತಿದ್ದೆಲ್ಲ ಪೋಲಾಯಿತು. ಆಮೇಲೆ ಆ ಅಸಹ್ಯದ ಬೆಲ್ಟು ಕಟ್ಟಿದಳು, ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು. ಮತ್ತೆ ಉಸಿರು, ಮತ್ತೆ ಒತ್ತು. ಈ ಸಲ ಹೊಟ್ಟೆ ಗೋಡೆಗೆ ತಾಗಿದಂತಾಗಿ ನಿಂತಿತು. ಗಾಳಿ ತುಂಬಿದ ಟಯರಿನಂತೆ ನಡು ಬಿಗಿದು, ಬೆನ್ನು ತಾನಾಗಿ ನೆಟ್ಟಗಾಯಿತು.

"ಬೆಲ್ಟು ಬೆನ್ನಿಗೆ ದಿಂಬಲ್ಲ ಅಂಕಲ್. ಹೊಟ್ಟೆ ಒತ್ತೋಕೆ ಆಸರೆ ಅಷ್ಟೆ. ಹಗುರ ತೂಕಕ್ಕೆ ಅದೂ ಬೇಡ, ಮೈ ತಾನೇ ಬಿಗಿ ಹಿಡಿಯೋದನ್ನ ಕಲೀಬೇಕು."

ಮೇಷ್ಟ್ರು ಉಸಿರು ಬಿಟ್ಟರು. ಚೀಲದಲ್ಲಿ ಭಾರ ಹೊರಗಿನಿಂದ ಜಗ್ಗುತ್ತದೆ. ಇಲ್ಲಿ ಒತ್ತಡ ಒಳಗಿನಿಂದ ಸುತ್ತಲೂ ಹೊಮ್ಮುತ್ತದೆ. ಹಾಗಾದ ಮೇಲೆ ಒಂದು ಕಡೆ ಅಗಲ, ಒಂದು ಕಡೆ ಕಿರಿದು ಎಂಬ ಮಾತೇ ಸಲ್ಲದು. "ಇದು ಸರಿಯಾಗಿದ್ಯಾ ನಿಂಗೆ?" ಎಂದು ಹೆಂಡತಿಯನ್ನು ಕೇಳಿದರು.

"ಇದೂ ಸೊಂಟದ ಮೂಳೆಗೆ ಕಚ್ಚುತ್ತೆ. ನೀಲಿಗಟ್ಟಿದೆ ನೋಡಿ."

ಮೇಷ್ಟ್ರು ಆಕೆಯ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಬೆರಳಿಟ್ಟು ಅಳೆದರು. "ಇಲ್ಲಿ ಜಾಗವೇ ಇಲ್ವಲ್ಲೇ!"

"ಮೂವತ್ತೈದು ವರ್ಷಕ್ಕೆ ಈಗ ಕಾಣಿಸ್ತಾ?"

ಕೋಚ್ ನಕ್ಕಳು. ಮೇಷ್ಟ್ರು ನಗಲಿಲ್ಲ, ಮೂರೇ ಇಂಚು ಅಗಲ, ಮುಂದೂ ಹಿಂದೂ ಒಂದೇ ಸಮ, ಎಂದು ಲೆಕ್ಕ ಹಾಕುತ್ತಿದ್ದರು.

ಎರಡನೆಯ ಬೆಲ್ಟಿಗೆ ದಪ್ಪ ಚರ್ಮದ ಎರಡು ಪದರ ಅಂಟಿಸಿ ಹೊಲಿದರು. ಬಕಲ್ಲಿಗೆ ಒಂದೇ ಮುಳ್ಳು; ಎರಡಿದ್ದರೆ ಏದುಸಿರಿನಲ್ಲಿ ಸಿಕ್ಕಿಸುವುದು ಪಜೀತಿ ಎಂದು ಕೋಚ್ ಎಚ್ಚರಿಸಿದ್ದಳು. ಮೆತ್ತೆಯಿಲ್ಲ, ಬಳ್ಳಿಯಿಲ್ಲ. ಬೋಳಾಗಿ ಕಂಡ ಅಂಚಿನಲ್ಲಿ ಒಂದೇ ಒಂದು ಎಲೆ ಕೆತ್ತಲೇ ಎಂದು ಉಳಿ ಎರಡು ಬಾರಿ ಮೇಲೆದ್ದು ಎರಡು ಬಾರಿಯೂ ಕೆಳಗಿಳಿಯಿತು.

"ಇದೇನ್ರೀ, ಹಲಗೆ ಥರ ಇದೆ!"

"ಹಲಗೆ ಥರಾನೇ ಇರ್ಬೇಕು. ಹೋಗು."

ಪರೀಕ್ಷೆಯ ಭಾನುವಾರ ಮೇಷ್ಟ್ರು ಗೋಡೆಗೊರಗಿ ಕುಳಿತರು. ಅರವತ್ತೈದು ಸರಾಗವಾಗಿ ಎದ್ದಿತು. ಎಪ್ಪತ್ತಕ್ಕೆ ಆಕೆ ಉಸಿರು ತುಂಬಿದಳು, ಬೆಲ್ಟು ಒಂದಿಷ್ಟೂ ಬಾಗದೆ ನಿಂತಿತು, ಸರಳು ನೆಲ ಬಿಟ್ಟಿತು, ಮೊಣಕಾಲು ಮುಟ್ಟಿತು, ಅಲ್ಲಿ ತುಸು ನಡುಗಿ ಮರಳಿ ನೆಲಕ್ಕೇ ಇಳಿಯಿತು.

ಹೆಂಡತಿ ಬಕಲ್ಲು ಬಿಚ್ಚುತ್ತ ನೇರವಾಗಿ ಮೇಷ್ಟ್ರತ್ತ ಬಂದಳು. ಈಗ ಮತ್ತೆ ಹೂವಿನ ಮಾತು ಬಂದೀತೆಂದು ಅವರು ಕಣ್ಣು ತಗ್ಗಿಸಿದರು.

"ಮೂರನೇ ತೂತು ಸಡಿಲ, ನಾಲ್ಕನೇದು ಬಿಗಿ. ಯಾವ ಕಣ್ಣಲ್ಲಿ ಅಳತೆ ಹಾಕಿದ್ರಿ?"

ಮೇಷ್ಟ್ರು ತಲೆಯೆತ್ತಿದರು. "ಕೈಲಾಗ್ದೆ ಬೆಲ್ಟಿನ ಮೇಲೆ ಹಾಕ್ಬೇಡ."

"ಕೈಲೂ ಆಗ್ಲಿಲ್ಲ, ಬೆಲ್ಟೂ ಸರಿಯಿಲ್ಲ. ಎರಡೂ ನಿಜ. ಮುಂದಿನ ತಿಂಗಳು ಎತ್ತೇ ಎತ್ತುತೀನಿ. ಅಷ್ಟರಲ್ಲಿ ಮಧ್ಯಕ್ಕೊಂದು ತೂತು ಬೀಳ್ಬೇಕು."

ಮೇಷ್ಟ್ರು ಬಿಳಿಪುಡಿಯಲ್ಲಿ ಬೆರಳದ್ದಿ ಚರ್ಮದ ಮೇಲೆ ಗುರುತು ಹಾಕಿದರು.

"ಇನ್ನೇನಿದೆ? ಇರೋದೆಲ್ಲ ಈಗ್ಲೇ ಹೇಳ್ಬಿಡು."

"ಮೇಲಂಚು ಪಕ್ಕೆಗೆ ಕೊರೀತಿದೆ, ಉಜ್ಜಿ ದುಂಡಗೆ ಮಾಡ್ಬೇಕು. ತುದಿ ಉದ್ದ ಆಯ್ತು. ಆಮೇಲೆ ಈ ಬಕಲ್ಲಿದ್ಯಲ್ಲ..." ಎಂದು ಆಕೆ ಅವರ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಬೆರಳು ಮಡಚತೊಡಗಿದಳು.