ಎರಳೆಯ ದವಡೆಗೆ ಬಂದ ಜೇನುಮೇಣ

ನಾನು ಒಂದು ಚೂರು ಜೇನುಮೇಣ. ಈಗ ಉಳಿದಿರುವುದು ಹುರುಳಿಕಾಳಿನಷ್ಟು ಮಾತ್ರ. ಹುಟ್ಟಿದ್ದು ಹೊಳೆದಂಡೆಯ ಕರಿಬಂಡೆಯ ನೆತ್ತಿಯ ಕೆಳಗೆ, ಹೆಜ್ಜೇನುಗಳ ಹೊಟ್ಟೆಯಿಂದ. ಮನುಷ್ಯರು ಇನ್ನೂ ದನ ಕಟ್ಟುವುದನ್ನು ಕಲಿಯದ ಕಾಲ ಅದು. ನನ್ನ ಮಡಿಲಲ್ಲಿ ಜೇನುತುಪ್ಪ ತುಂಬಿತ್ತು, ಹೊತ್ತುಹೊತ್ತಿಗೆ ರೆಕ್ಕೆಯ ಗಾಳಿ ಬೀಸುತ್ತಿತ್ತು. ಬದುಕೆಂದರೆ ಇಷ್ಟೇ ಎಂದು ಹಾಯಾಗಿದ್ದೆ.

ಒಂದು ದಿನ ಕೆಳಗಿನಿಂದ ಹೊಗೆ ಬಂತು. ಅದರ ಹಿಂದೆಯೇ ಬಿಳಲು ಹಿಡಿದು ಒಬ್ಬ ಮನುಷ್ಯನೂ ಬಂದ. ಗುಂಪಿನವರು ಅವನನ್ನು ಕಡಜ ಎಂದು ಕರೆಯುತ್ತಿದ್ದರು. ಮುಖವೆಲ್ಲ ಊದಿದ್ದರೂ ‘ಏನೂ ಕಚ್ಚಿಲ್ಲ’ ಎನ್ನುವ ಜಾತಿಯವನು. ತುಪ್ಪ ಹಿಂಡಿಕೊಂಡ ಮೇಲೆ ನನ್ನನ್ನು ಬಿಸಾಡದೆ ಉಂಡೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಅವನ ಹೆಂಡತಿ ಎರಳೆಯ ಸೋರೆಬುರುಡೆ ಬಿರುಕು ಬಿಟ್ಟು ನೀರು ತೊಟ್ಟಿಕ್ಕುತ್ತಿತ್ತು. ಬೆಂಕಿಗೆ ಹಿಡಿದು ನನ್ನನ್ನು ಮೆತ್ತಗೆ ಮಾಡಿ ಆ ಬಿರುಕಿಗೆ ಒತ್ತಿದ. ಒಂದು ಹನಿಯನ್ನೂ ನಾನು ಹೊರಗೆ ಬಿಡಲಿಲ್ಲ. ಆ ಬಗ್ಗೆ ನನಗೆ ತುಸು ಜಂಬವೂ ಇತ್ತು.

ಎರಳೆ ಚೊಚ್ಚಲ ಬಾಣಂತಿ. ಎಳೆಗೂಸು ಹೆಣ್ಣು. ಕಾಡುಹುಲ್ಲಿನ ಬೀಜವನ್ನು ಕಲ್ಲಿನ ಮೇಲೆ ಅರೆದು ಕೆಂಡದಲ್ಲಿ ಸುಟ್ಟು ತಿನ್ನುವುದು ಆ ಜನರ ರೂಢಿ. ಹಿಟ್ಟಿನ ಜೊತೆಗೆ ಅರೆಯುವ ಕಲ್ಲಿನ ಹರಳೂ ಉದುರುತ್ತಿತ್ತು. ಅಂಥದೊಂದು ಹರಳನ್ನು ಎರಳೆ ಕಟಂ ಎಂದು ಕಚ್ಚಿದಳು. ದವಡೆಹಲ್ಲು ಬಿರಿಯಿತು, ಬಿರಿದಲ್ಲಿ ಹುಳುಕು ಹಿಡಿಯಿತು. ಅಂದಿನಿಂದ ಅವಳಿಗೆ ಅಗಿಯಲೂ ಆಗದು, ನುಂಗಲೂ ಆಗದು. ಉಣ್ಣದ ತಾಯಿಯ ಎದೆಯಲ್ಲಿ ಹಾಲು ಎಲ್ಲಿಂದ ಬರಬೇಕು? ಗುಂಪಿನಲ್ಲಿ ಹಾಲೂಡುವ ಇನ್ನೊಬ್ಬಳಿರಲಿಲ್ಲ. ಕೂಸು ಮೊದಮೊದಲು ಕಿರುಚಿ ಅಳುತ್ತಿತ್ತು, ಆಮೇಲೆ ಬರೀ ಬಾಯಿ ತೆರೆಯತೊಡಗಿತು. ಬುರುಡೆಗೆ ಅಂಟಿಕೊಂಡು ಪಕ್ಕದಲ್ಲೇ ಇದ್ದ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮದ್ದು ಬಲ್ಲವಳು ಗುಳ್ಳಜ್ಜಿ. ಹಲ್ಲುನೋವು ಎಂದರೆ ಹಲ್ಲಿನೊಳಗೆ ಹುಳ ಕೂತಿದೆ ಎಂದೇ ಅವಳ ಲೆಕ್ಕ. ಕಾದ ಕಲ್ಲಿನ ಮೇಲೆ ನೆಲಗುಳ್ಳದ ಬೀಜ ಉದುರಿಸಿ, ಅದರ ಹೊಗೆಯನ್ನು ಜೊಂಡಿನ ಕೊಳವೆಯಲ್ಲಿ ಎರಳೆಯ ಬಾಯಿಗೆ ಬಿಟ್ಟಳು. ಬೀಜ ಚಟಪಟ ಸಿಡಿದವು. ಮುಂದಿಟ್ಟಿದ್ದ ಎಲೆದೊನ್ನೆಯ ನೀರಿನಲ್ಲಿ ಬಿಳಿಯ ಎಳೆಗಳು ತೇಲಿದವು.

“ನೋಡ್ರಿ, ಹುಳ ಬಿದ್ದಾವೆ!” ಎಂದಳು ಅಜ್ಜಿ.

ಅವು ಸಿಡಿದ ಬೀಜದ ಒಳಗಿನ ಎಳೆಮೊಳಕೆಗಳು. ಪಾಪ, ಅಜ್ಜಿಗೇನು ಗೊತ್ತು! ಆದರೆ ಹೊಗೆಗೆ ದವಡೆ ಮರಗಟ್ಟಿದ್ದು ಸುಳ್ಳಲ್ಲ. ಎರಳೆ ಬಹಳ ದಿನಗಳ ಮೇಲೆ ಕಣ್ಣು ಮುಚ್ಚಿ ನಿದ್ದೆ ಮಾಡಿದಳು. ಎದ್ದು ಬುರುಡೆ ಎತ್ತಿ ಒಂದು ಗುಟುಕು ತಣ್ಣೀರು ಕುಡಿದದ್ದೇ ತಡ, ಚೀರಿ ಬುರುಡೆಯನ್ನು ಕೈಬಿಟ್ಟಳು. ಅದು ಉರುಳಿ ಕಡಜನ ಕಾಲ ಬಳಿ ನಿಂತಿತು. ಎತ್ತಿಕೊಂಡವನು ನನ್ನ ಮೇಲೆ ಹೆಬ್ಬೆರಳಾಡಿಸಿ ನೋಡಿದ.

“ಅಜ್ಜೀ, ಇದು ಒಳಗಿನ ನೀರನ್ನ ಹೊರಗ ಬಿಡಲ್ಲ. ಹಲ್ಲಿಗೆ ತುಂಬಿದ್ರೆ ಹೊರಗಿನ ನೀರನ್ನೂ ಒಳಗ ಬಿಡಲ್ಲ, ಹೌದಲ್ಲ?”

“ತಲಿ ಕೆಟ್ಟೈತೇನೋ ನಿನಗ? ಇನ್ನೊಂದು ಹುಳ ಒಳಗ ಉಳಿದಿದ್ರೆ? ಬಾಗ್ಲು ಮುಚ್ಚಿದ್ರೆ ಅದು ದವಡಿ ಕೊರಕೊಂಡು ಮಿದುಳಿಗೇ ಹೋಗ್ತೈತೆ!”

ಮೇಣದ ವಿದ್ಯೆ ಕಡಜನದು, ಹಲ್ಲಿನ ವಿದ್ಯೆ ಅಜ್ಜಿಯದು. ಹುಳವೋ ಹಸಿವೋ, ಯಾವುದಕ್ಕೆ ಹೆಚ್ಚು ಹೆದರಬೇಕೆಂಬುದೇ ಅವನಿಗೆ ತೋಚಲಿಲ್ಲ. ಆಗ ಎರಳೆ ಗಲ್ಲ ಹಿಡಿದುಕೊಂಡೇ ಎದ್ದು ಬಂದಳು. ಮಾತಾಡುವುದೂ ಅವಳಿಗೆ ಸಂಕಟ.

“ಹುಳ ಇದ್ರೆ ನನ್ನ ತಿನ್ಲಿ ಅಜ್ಜೀ. ಕೂಸು ಉಣ್ಬೇಕು. ಮುಚ್ಚು.”

ಗುಳ್ಳಜ್ಜಿ ಅವಳ ಮುಖ ನೋಡಿದಳು, ಕೂಸನ್ನು ನೋಡಿದಳು. ಆಮೇಲೆ ತನ್ನ ಚೀಲ ಬಿಚ್ಚಿದಳು. “ಮುಚ್ಚೋದಾದ್ರೆ ನೆಟ್ಟಗ ಮುಚ್ಚಬೇಕು, ಕೊಳಿ ಬಿಟ್ಟು ಮುಚ್ಚಬಾರ್ದು” ಎಂದು ಇನ್ನೊಮ್ಮೆ ಹೊಗೆ ಹಾಕಿದಳು. ಚಕಮಕಿ ಕಲ್ಲಿನ ಮುಳ್ಳಿನಂಥ ಚೂರೊಂದನ್ನು ಬೆರಳ ಸಂದಿಯಲ್ಲಿ ಹಿಡಿದು ಹುಳುಕನ್ನು ಕೆರೆದಳು. ಕಡಜ ಹೆಂಡತಿಯ ತಲೆಯನ್ನು ತೊಡೆಯ ನಡುವೆ ಅದುಮಿ ಹಿಡಿದಿದ್ದ. ಎರಳೆಯ ಕಾಲು ಮಣ್ಣನ್ನು ತೋಡುತ್ತಿತ್ತು, ಆದರೆ ಬಾಯಿ ಮುಚ್ಚಲಿಲ್ಲ. ತಾನು ಒಪ್ಪದ ಕೆಲಸವನ್ನು ಅಜ್ಜಿ ಅಷ್ಟು ಜತನದಿಂದ ಮಾಡಿದಳಲ್ಲ, ಅದನ್ನು ನೆನೆದರೆ ಈಗಲೂ ನನಗೆ ಕೈಮುಗಿಯಬೇಕೆನಿಸುತ್ತದೆ. ಕೈ ಇಲ್ಲ, ಅಷ್ಟೇ.

ಬುರುಡೆಯಿಂದ ನನ್ನ ಒಂದು ಚೂರನ್ನು ಕಿತ್ತು, ಬಿಸಿ ಎಲುಬಿನ ಕಡ್ಡಿಯ ತುದಿಯಲ್ಲಿ ಕರಗಿಸಿ, ಹಲ್ಲಿನ ಕುಳಿಗೆ ತುಂಬಿ ಒತ್ತಿದರು. ನಾನು ಮೂಲೆಮೂಲೆಗೂ ಹರಿದು ನೋಡಿದೆ. ಹುಳವೂ ಇಲ್ಲ, ಗಿಳವೂ ಇಲ್ಲ! ಇದ್ದದ್ದು ಚರ್ಮ ಸುಲಿದ ಗಾಯದಂಥ ಒಂದು ಎಳೆಯ ಜಾಗ. ಅದನ್ನು ಮುಚ್ಚಿಕೊಂಡು ಕೂತೆ.

ಎರಳೆ ಮೊದಲು ನಾಲಗೆಯಿಂದ ನನ್ನನ್ನು ತಡವಿದಳು. ಬಳಿಕ ಒಂದು ಗುಟುಕು ತಣ್ಣೀರು ಕುಡಿದು ಕಾದಳು. ಚೀರಲಿಲ್ಲ. ಸುಟ್ಟ ಉಡದ ಮಾಂಸವನ್ನು ನೋವಿಲ್ಲದ ಕಡೆಯ ದವಡೆಯಲ್ಲಿ ಅಗಿದಳು, ಆಮೇಲೆ ಮರೆತು ನನ್ನ ಕಡೆಗೂ ತಂದಳು. ಅಗಿಯುತ್ತಲೇ ಅಳತೊಡಗಿದಳು, ಅಳುತ್ತಲೇ ಇನ್ನೊಂದು ತುಂಡಿಗೆ ಕೈಚಾಚಿದಳು. ಕೆಲವೇ ದಿನಗಳಲ್ಲಿ ಎದೆಗೆ ಹಾಲು ಇಳಿಯಿತು. ಕೂಸಿಗೆ ಬಿಕ್ಕೆ ಎಂದು ಹೆಸರಿಟ್ಟರು. ಗುಳ್ಳಜ್ಜಿ ಮಾತ್ರ ದಿನವೂ ಬಂದು ಎರಳೆಯ ಹಣೆ ತಟ್ಟಿ, ಹುಳ ಮೇಲಕ್ಕೆ ಹತ್ತಿತೋ ಎಂದು ಕಿವಿಯಿಟ್ಟು ಕೇಳುತ್ತಿದ್ದಳು.

ಆಮೇಲಿನ ನನ್ನ ಬದುಕೆಲ್ಲ ಆ ಬಾಯೊಳಗೇ ಕಳೆಯಿತು. ಹುಣಸೆಯ ಹುಳಿ, ಉಪ್ಪುಮಣ್ಣಿನ ರುಚಿ, ಕಡಜನನ್ನು ಬೈಯುವ ಮಾತು, ಅವನು ಬಂಡೆಯಿಂದ ಬಿದ್ದು ಸತ್ತಾಗಿನ ಅಳು, ಎಲ್ಲವೂ ನನ್ನನ್ನು ಸವರಿಕೊಂಡೇ ಹೋದವು. ನಾನೂ ಸವೆದೆ. ನನ್ನ ಸುತ್ತಲಿನ ಹಲ್ಲುಗಳು ಒಂದೊಂದೇ ಉದುರಿದವು. ಕೊನೆಗೆ ಎರಳೆ ಹಣ್ಣುಮುದುಕಿಯಾಗಿ ಕೂತಲ್ಲೇ ಕೂರತೊಡಗಿದಳು.

ಈಗ ಆಕೆಯೂ ನಾನೂ ಹೊಳೆದಂಡೆಯ ಅದೇ ಬಂಡೆಯ ನೆರಳಿನ ಮಣ್ಣಿನಲ್ಲಿದ್ದೇವೆ. ಮುಚ್ಚಿಕೊಳ್ಳಲು ನೋವಿಲ್ಲ, ತಡೆಯಲು ನೀರಿಲ್ಲ. ಆ ಜನರನ್ನು ಏನೂ ತಿಳಿಯದ ಕಾಡುಜನ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ತಿಳಿಯದ್ದು ಬಹಳ ಇತ್ತು, ನಿಜ. ಆದರೆ ಒಬ್ಬಳ ಹಲ್ಲು ನೊಂದರೆ ಗುಂಪಿಗೆ ಗುಂಪೇ ನಿದ್ದೆಗೆಡುತ್ತಿತ್ತು. ಎರಳೆಯ ಕೊನೆಯ ದಿನಗಳಲ್ಲಿ ಬಿಕ್ಕೆ ಮಾಂಸವನ್ನು ತನ್ನ ಗಟ್ಟಿ ಹಲ್ಲಿನಲ್ಲಿ ಅಗಿದು, ಮೆತ್ತಗೆ ಮಾಡಿ, ಬೆರಳಿನಿಂದ ತಾಯಿಯ ಬಾಯಿಗಿಡುತ್ತಿದ್ದಳು. “ನುಂಗವ್ವಾ” ಎನ್ನುತ್ತಿದ್ದಳು. ಆ ಕೊನೆಯ ತುತ್ತಿನ ಒಂದು ನಾರು ಇನ್ನೂ ನನ್ನ ಅಂಚಿಗೆ ಅಂಟಿಕೊಂಡಿದೆ.