ಚೀಸ್ ದೋಸೆಗೆ ಮುಂಚಿನ ಸ್ನ್ಯಾಪ್‌ಶಾಟ್

ಡೊಂಬಿವಲಿ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಬೆಳಗಿನ ಇಡ್ಲಿ ಹೊತ್ತಿಗೇ ಬಿಲ್ಲಿಂಗ್ ಕಂಪ್ಯೂಟರ್ ಮುಷ್ಕರ ಹೂಡಿತು. ಮಾಲಿಕ ಸರ್ವೋತ್ತಮ ಅದರ ನೆತ್ತಿಗೆ ಬಡಿದ, ಮೇಲಿದ್ದ ಗಣಪತಿಗೆ ಊದುಬತ್ತಿ ಹಚ್ಚಿದ, ಕೊನೆಗೆ ಮಹಡಿಯ ಬಾಡಿಗೆದಾರ ಹೃಷಿಕೇಶನನ್ನು ಮೆಟ್ಟಿಲಲ್ಲೇ ತಡೆದ. ಬೆಂಗಳೂರಿನ ಹುಡುಗ, ಘಣಸೋಲಿಯ ಐಟಿ ಕಂಪನಿಗೆ ಹೋಗುವವನು. ಈ ಯಂತ್ರ ಕೂರಿಸಿದವನೂ ಅವನೇ.

ಹೃಷಿಕೇಶ ಪರದೆ ನೋಡಿ ಹಣೆ ಚಚ್ಚಿಕೊಂಡ. "ಅಂಕಲ್, ಮೂರು ವರ್ಷದ ಹಿಂದೆ ಸಾಫ್ಟ್‌ವೇರ್ ಬದಲಾಯಿಸೋ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿದ್ದೆ. ಅಳಿಸೋಕೆ ಮರೆತುಬಿಟ್ಟೆ."

"ಎಂತ ಅದು?"

"ಈ ಡಬ್ಬದೊಳಗೆ ಇನ್ನೊಂದು ಕಂಪ್ಯೂಟರ್ ಓಡ್ತಿದೆ. ನಿಮ್ಮ ಬಿಲ್ಲು, ಹಾಜರಿ ಎಲ್ಲ ಅದರಲ್ಲೇ. ಆವತ್ತು ಅದು ಹೇಗಿತ್ತೋ ಹಾಗೇ ಹಿಡಿದಿಟ್ಟಿದ್ದೀನಿ. ಆಮೇಲೆ ಆಗಿದ್ದೆಲ್ಲ ಪಕ್ಕದಲ್ಲಿ ತುಂಬಿ ತುಂಬಿ ಜಾಗ ಮುಗೀತು. ಸ್ನ್ಯಾಪ್‌ಶಾಟ್ ಅಳಿಸಿದ್ರೆ ಆಗಿದ್ದೆಲ್ಲ ಒಳಗೆ ಬೆರೆತು ಖಾಯಂ ಆಗುತ್ತೆ. ಇಲ್ಲಾಂದ್ರೆ ಆ ದಿನಕ್ಕೇ ವಾಪಸ್ ಹೋಗ್ಬಹುದು, ಆದ್ರೆ ಅದನ್ನ ಯಾರೂ..."

"ಯಾವ ದಿನ?"

"ಚೌತಿಯ ಹಿಂದಿನ ದಿನ, ಮಧ್ಯಾಹ್ನ."

ಸರ್ವೋತ್ತಮ ಆ ದಿನವನ್ನು ಮರೆತಿರಲಿಲ್ಲ. ಆ ದಿನ ಸಂಜೆಯೇ ತಮ್ಮ ಲೋಕನಾಥ ದೋಸೆಗೆ ಚೀಸ್ ಹಾಕೋಣವೆಂದದ್ದು. ಅಪ್ಪ ಪಳಗಿಸಿದ ಕಾವಲಿಗೆ ಚೀಸ್ ತಾಗಿಸುವವನು ನನ್ನ ತಮ್ಮನಲ್ಲ ಎಂದು ತಾನು ಗಿರಾಕಿಗಳೆದುರು ಕಿರುಚಿದ್ದು. ಅವನು ಗಲ್ಲಾದ ಕೀ ಎಸೆದು ಬದಲಾಪುರದ ಗಾಡಿ ಹತ್ತಿದ್ದು. ಅಲ್ಲಿ ಅವನದೇ ಹೋಟೆಲಿದೆಯಂತೆ. ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

"ವಾಪಸ್ ಹೋಗು."

"ಅಂಕಲ್, ಮೂರು ವರ್ಷ ಅಳಿಸಿಹೋಗುತ್ತೆ!"

"ಹೋಗ್ಲಿ ಮಾರಾಯ. ಅದ್ರಲ್ಲಿ ಎಂತ ಉಂಟು?"

ಹೃಷಿಕೇಶ ಗುಂಡಿ ಒತ್ತಿದ. ಪರದೆ ಕಣ್ಣು ಬಿಟ್ಟಾಗ ಗಲ್ಲಾದಲ್ಲಿ ಕೂತವನ ಹೆಸರು ಲೋಕನಾಥ ಎಂದಿತ್ತು. ಕೆಳಗೆ ಅರ್ಧ ಮುಗಿದ ಬಿಲ್ಲು: ಏಳನೇ ಟೇಬಲ್, ಒಂದು ಬನ್ಸ್, ಒಂದು ಚಾ.

"ಅಂತೂ ಬಿಲ್ಲು ಬಂತು!" ಎಂದು ಏಳನೇ ಟೇಬಲಿನಿಂದ ಒಬ್ಬರು ಎದ್ದರು. ಗಡ್ಡ ಹೊಟ್ಟೆಯವರೆಗೆ ಇಳಿದಿತ್ತು. ನೆಲ ಒರೆಸುವವರು ಮೂರು ವರ್ಷದಿಂದ ಅವರ ಕಾಲನ್ನು ಟೇಬಲಿನ ಕಾಲೆಂದೇ ತಿಳಿದು ಸುತ್ತಲೂ ಒರೆಸುತ್ತಿದ್ದರು. "ಕಾಯ್ ಶೇಟ್, ಏನಿದು, ಒಂದು ಬಿಲ್ಲಿಗೆ ಇಷ್ಟು ಹೊತ್ತಾ?" ಎನ್ನುತ್ತ ಅವರು ಕಲ್ಯಾಣ್ ಫಾಸ್ಟ್ ರೈಲು ಹಿಡಿಯಲು ಓಡಿದರು.

ಹೃಷಿಕೇಶ ಆಫೀಸಿಗೆ ರಜೆ ಹಾಕಿದ. ಇಂಥದ್ದನ್ನು ಬಿಟ್ಟು ಹೋಗುವುದುಂಟೇ!

ಊಟದ ಹೊತ್ತಿಗೆ ಲೋಕನಾಥ ಬೆವರುತ್ತ ಬಂದ. "ಗಲ್ಲಾ ತೆರೆದಿಟ್ಟು ಎಲ್ಲಿಗೆ ಹೋದೆ ಅಂತ ನಿನ್ನ ಕಂಪ್ಯೂಟರಿಂದ ನನಗೆ ಮೆಸೇಜ್ ಬಂತು. ಎಂತ ಅವಸ್ಥೆ ಅಣ್ಣ ಇದು!" ಎಂದು ಗೊಣಗಿ, ಅಂದು ಎಸೆದ ಕೀಯನ್ನು ಕೇಳಿ ಪಡೆದು, ತಾನು ಎದ್ದು ಹೋದ ಕುರ್ಚಿಯಲ್ಲೇ ಕೂತ. ಯಾರೂ ಆಶ್ಚರ್ಯ ತೋರಿಸಲಿಲ್ಲ.

ಸಂಜೆ ಚಾದ ಹೊತ್ತಿಗೆ ಅವನು ಗಂಟಲು ಸರಿಮಾಡಿಕೊಂಡ. ಅಡುಗೆಮನೆಯ ಸೌಟುಗಳು ಸುಮ್ಮನಾದವು.

"ಅಣ್ಣ, ದೋಸೆಗೆ ಸ್ವಲ್ಪ ಚೀಸ್ ಹಾಕಿ ನೋಡುವನಾ?"

ಸರ್ವೋತ್ತಮನ ಗಂಟಲವರೆಗೆ ಹಳೆಯ ಮಾತೇ ಏರಿ ಬಂತು. ಕೆಳಕ್ಕೆ ನೂಕಿದ. "ಹಾಕುವ."

ಲೋಕನಾಥ ಕೆಂಪಾದ. "ಹಾಕುವ? ಇಷ್ಟು ಸಲೀಸಾ? ಹಾಗಾದ್ರೆ ಬದಲಾಪುರದಲ್ಲಿ ಒಬ್ಬನೇ ಕೂತು ನಾನು ಬೈದದ್ದು ಯಾರಿಗೆ, ಗೋಡೆಗಾ?"

"ಅದು ಆಗಲೇ ಇಲ್ಲ ಮಾರಾಯ. ಕಂಪ್ಯೂಟರ್ ನೋಡು."

"ನನಗೆ ಆಗಿದೆ!" ಅವನು ಕೀ ತೆಗೆದು ಗಲ್ಲಾದ ಮೇಲಿಟ್ಟ. "ನಾಳೆ ಚೀಸ್ ಹಿಡಿಸದಿದ್ರೆ ನೀನು ಪುನಃ ಹಿಂದೆ ಹೋಗ್ತಿ. ನಾನು ಪುನಃ ಗಾಡಿ ಹತ್ತಿ ಬರಬೇಕಾ? ನಿನಗೆ ಆ ದಾರಿ ಇರುವವರೆಗೆ ನಾನಿಲ್ಲಿ ಕೂರುವುದಿಲ್ಲ."

ಸರ್ವೋತ್ತಮ ಹೃಷಿಕೇಶನ ಕಡೆ ತಿರುಗಿದ. "ಆ ಸ್ನ್ಯಾಪ್‌ಶಾಟ್ ಅಳಿಸು."

"ಅಳಿಸಿದ್ರೆ ಇನ್ನು ವಾಪಸ್ ಹೋಗೋಕಾಗಲ್ಲ ಅಂಕಲ್. ಇವತ್ತು ಏನಾಗುತ್ತೋ ಅದೇ."

"ಅಳಿಸು ಅಂದೆನಲ್ಲ."

ಪರದೆಯ ಹಸಿರು ಗೆರೆ ಓಡಿ ಓಡಿ ಶೇಕಡಾ ತೊಂಬತ್ತೊಂಬತ್ತಕ್ಕೆ ನಿಂತಿತು.

"ಅದು ಅಲ್ಲೇ ನಿಲ್ಲೋದು," ಎಂದ ಹೃಷಿಕೇಶ. "ಯಾಕೇಂತ ಯಾರಿಗೂ ಗೊತ್ತಿಲ್ಲ."

ಕೀ ಇಬ್ಬರ ನಡುವೆ ಬಿದ್ದಿತ್ತು. ಸರ್ವೋತ್ತಮನಿಗೆ ಕಾಯಲಾಗಲಿಲ್ಲ. ಒಳಗೆ ಹೋಗಿ ಅಪ್ಪನ ಕಾವಲಿಯ ಮೇಲೆ ತಾನೇ ದೋಸೆ ಹುಯ್ದ, ಚೀಸ್ ತುರಿದ, ಕಣ್ಣು ಮುಚ್ಚಿ ಮಡಚಿ ತಮ್ಮನ ಮುಂದಿಟ್ಟ.

ಲೋಕನಾಥ ಒಂದು ತುಂಡು ಬಾಯಿಗಿಟ್ಟ. "ಥೂ! ಇದನ್ನು ಯಾರು ತಿಂತಾರೆ?"

ನಾನು ಅಂದೇ ಹೇಳಿದ್ದೆ ಎಂಬ ಮಾತು ಸರ್ವೋತ್ತಮನ ನಾಲಿಗೆಯ ತುದಿಗೆ ಬಂತು. ಉಳಿದ ದೋಸೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಆ ಮಾತೂ ಅದರ ಜೊತೆ ಇಳಿಯಿತು.

ಗೆರೆ ತುಂಬಿತು. ಲೋಕನಾಥ ಕೀ ಎತ್ತಿ ಸೊಂಟಕ್ಕೆ ಸಿಕ್ಕಿಸಿದ.

ಏಳನೇ ಟೇಬಲಿಗೆ ಯಾರೋ ಹೊಸಬರು ಬಂದು ಕೂತರು.

"ಅವರ ಬಿಲ್ಲು ಈಗಲೇ ಮಾಡಿಡು," ಎಂದ ಸರ್ವೋತ್ತಮ, ಬಾಯಿ ತುಂಬ ಚೀಸ್ ಇಟ್ಟುಕೊಂಡೇ.