ಕಿತ್ತಳೆ ಬಾವುಟ

ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ರೆಫರಿಗಳ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಹಿರಿಯ ರೆಫರಿ ಬೆಂಚಿನ ಮೇಲೆ ಕೂತು, ಬೂಟು ಬಿಚ್ಚುತ್ತ ತಪ್ಪು ಎಣಿಸುವುದು. ಬಾವುಟ ಹಿಡಿದು ಗೆರೆಯ ಪಕ್ಕ ಓಡಿದ ಇಬ್ಬರು ಬೂಟು ಬಿಚ್ಚದೆ, ನಿಂತೇ, ತಲೆಯಾಡಿಸುವುದು. ಹಿರಿಯರ ತಪ್ಪನ್ನು ಯಾರೂ ಎಣಿಸುತ್ತಿರಲಿಲ್ಲ. ಅವರು ತಪ್ಪು ಮಾಡಿದರೆ ತಾನೇ!

ಅವತ್ತು ನಿಂತಿದ್ದವರಲ್ಲಿ ಒಬ್ಬಳು ಡ್ರಾಯಿಂಗ್ ಟೀಚರ್, ಇನ್ನೊಬ್ಬ ಬಸ್ ಕಂಡಕ್ಟರ್. ಟೀಚರಿಗೆ ಮೈಯೆಲ್ಲ ಉರಿಯುತ್ತಿತ್ತು. ಆಟದ ಕೊನೆಯಲ್ಲಿ ಒಬ್ಬ ಆಫ್‌ಸೈಡಿನಲ್ಲಿ ನಿಂತು ಚೆಂಡು ಪಡೆದಿದ್ದ. ಅವಳು ತಕ್ಷಣ ಬಾವುಟ ಎತ್ತಿದ್ದಳು. ರೆಫರಿ ಅವಳ ಕಡೆ ನೇರವಾಗಿ ನೋಡಿಯೂ ಸೀಟಿ ಊದಲಿಲ್ಲ. ಗೋಲಾಯಿತು. ಗೆದ್ದವರು ಬಾವುಟ ಎತ್ತಿದ್ದಕ್ಕೆ ಬೈದರು, ಸೋತವರು ಇಳಿಸಿದ್ದಕ್ಕೆ ಬೈದರು. ಬೈಗುಳವೆಲ್ಲ ಅವಳ ಪಾಲಿಗೇ ಬಂತು.

"ನೀನು ಬಾವುಟ ಎತ್ತಲೇ ಇಲ್ಲ ಟೀಚರಮ್ಮ," ಎಂದರು ಹಿರಿಯರು, ಒಂದು ಬೂಟು ಬಿಚ್ಚಿ ಪಕ್ಕಕ್ಕಿಡುತ್ತ. "ನಾನು ನೋಡ್ದಾಗ ಕೈ ಕೆಳಗಿತ್ತು. ಧೈರ್ಯ ಸಾಲದು ಅಂತ ಬರ್ದಿದ್ದೀನಿ."

ಬರೆದ ಹಾಳೆ ಅವರ ತೊಡೆಯ ಮೇಲಿತ್ತು. ಮೂರು ವರ್ಷ ಗೆರೆಯ ಪಕ್ಕ ಓಡಿದವಳಿಗೆ ಮುಂದಿನ ಸೀಸನ್ನಿನಲ್ಲಿ ರೆಫರಿಯ ಸೀಟಿ ಸಿಗುತ್ತದೋ ಇಲ್ಲವೋ ಅನ್ನುವುದು ಆ ಹಾಳೆಯ ಮೇಲೆಯೇ ನಿಂತಿತ್ತು.

"ಎತ್ತಿದ್ದೆ ಸರ್. ಗೋಲಾಗೋವರೆಗೂ ಎತ್ಕೊಂಡೇ ನಿಂತಿದ್ದೆ. ತೋಳು ಇನ್ನೂ ನೋಯ್ತಿದೆ."

"ಮೂವತ್ತು ವರ್ಷದಿಂದ ಸೀಟಿ ಊದ್ತಿದ್ದೀನಮ್ಮ. ತಪ್ಪು ಹೇಳಿದ್ರೆ ತಿದ್ಕೋಬೇಕು, ಎದುರು ವಾದಿಸ್ಬಾರ್ದು."

"ನೀನಾದ್ರೂ ಹೇಳಪ್ಪ!" ಎಂದು ಅವಳು ಕಂಡಕ್ಟರ್ ಕಡೆ ತಿರುಗಿದಳು. ಬಸ್ಸಿನಲ್ಲಿ ಅಷ್ಟು ಗಂಟಲು ಹರಿದುಕೊಳ್ಳುವ ಮಹಾರಾಯ ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಫ್ಯಾನು ನೋಡುತ್ತಿದ್ದ. ಕೊನೆಗೆ ಮೆಲ್ಲಗೆ ಕೇಳಿದ: "ನಿಮ್ಮ ಕಿತ್ತಳೆ ಬಾವುಟ ಎಲ್ಲಿ?"

ಅದರ ಕೋಲು ಬೆಳಿಗ್ಗೆ ಮುರಿದಿತ್ತು. ಸ್ಟೋರಿನಿಂದ ಹಳದಿಯದನ್ನು ತಂದಿದ್ದಳು. ಅವಳು ಸೇರಿದ ಮೊದಲ ದಿನವೇ ಹಿರಿಯರು, "ಹಳದಿ ಬೇಡ, ಇದನ್ನೇ ಹಿಡಿ, ಇದು ನನ್ನ ಅದೃಷ್ಟದ್ದು," ಎಂದು ಕಿತ್ತಳೆ ಬಣ್ಣದ್ದನ್ನು ಕೈಗಿಟ್ಟಿದ್ದರು. ಕಂಡಕ್ಟರ್ ಕೈಯಲ್ಲೂ ಅದೇ ಬಣ್ಣ. ಇವತ್ತು ಆಟದ ಹೊತ್ತಿಗೆ ಅವಳ ಬೆನ್ನ ಹಿಂದೆ ಒಣ ಹುಲ್ಲಿನ ದಿಬ್ಬ ಬಿಸಿಲಿಗೆ ಹಳದಿಯಾಗಿ ಹೊಳೆಯುತ್ತಿತ್ತು. ಮಕ್ಕಳಿಗೆ ಬಣ್ಣ ಕಲಿಸುವವಳಿಗೆ ಇಷ್ಟು ಹೊಳೆಯಲು ಮೂರು ವರ್ಷ ಬೇಕಾಯಿತು!

ಅವಳು ಹಳದಿ ಬಾವುಟ ತೆಗೆದುಕೊಂಡು ದಡದಡನೆ ಹೊರಗೆ ನಡೆದಳು. ಉದ್ದನೆಯ ವರಾಂಡದ ಆ ತುದಿಯಲ್ಲಿ, ಬಿಸಿಲು ಬಿದ್ದ ಹಳದಿ ಗೋಡೆಗೆ ಬೆನ್ನು ಕೊಟ್ಟು ಬಾವುಟ ಎತ್ತಿ ನಿಂತಳು.

"ಸರ್! ಈಗ ಹೇಳಿ. ಮೇಲಿದೆಯಾ, ಕೆಳಗಿದೆಯಾ?"

ಹಿರಿಯರು ಒಂದೇ ಬೂಟಿನಲ್ಲಿ ಕುಂಟುತ್ತ ಬಾಗಿಲಿಗೆ ಬಂದರು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಕೆಳಗೆ. ಏನು ಹುಡುಗಾಟ ಇದು?"

ಕಂಡಕ್ಟರ್ ತಲೆ ತಗ್ಗಿಸಿದ. ಅವಳು ಎತ್ತಿದ ಕೈಯನ್ನು ಇಳಿಸದೆ ಹಾಗೇ ನಡೆದು ಬಂದಳು. ಹತ್ತು ಹೆಜ್ಜೆ ದೂರ ಉಳಿದಾಗ ಬಾವುಟ ಕಣ್ಣಿಗೆ ಬಿದ್ದು ಹಿರಿಯರ ಮುಖ ಕಪ್ಪಿಟ್ಟಿತು.

"ನಿನಗೆ ಗೊತ್ತಿತ್ತಾ?" ಎಂದು ಕಂಡಕ್ಟರ್‌ನನ್ನು ಕೇಳಿದಳು.

"ಎಲ್ರಿಗೂ ಗೊತ್ತು ಟೀಚರೇ. ಹೇಳೋರ್ಯಾರು?"

ಅವಳ ಸಿಟ್ಟು ನೆತ್ತಿಗೇರಿತು. ಕಣ್ಣು ಕಾಣದವರ ಮೇಲಿದ್ದದ್ದಕ್ಕಿಂತ, ಕಂಡೂ ಸುಮ್ಮನಿದ್ದ ಇವನ ಮೇಲೆ ಹೆಚ್ಚು ಕೋಪ ಬಂತು. ಧೈರ್ಯ ಸಾಲದವರು ಯಾರು ಹಾಗಾದರೆ?

ಹಿರಿಯರು ಬೆಂಚಿಗೆ ಮರಳಿ, ಹಾಳೆಯ ಮೇಲೆ ಬಗ್ಗಿ, ಬರೆದ ಸಾಲನ್ನು ಹೊಡೆದುಹಾಕಿದರು.

"ಅಷ್ಟೇ ಸಾಲ್ದು ಸರ್," ಎಂದಳು. "ಇವತ್ತು ನಿಮ್ಮ ತಪ್ಪು ನಾನು ಎಣಿಸ್ತೀನಿ."

ಹಾರಾಡುತ್ತಾರೆ, ಹೊರಗೆ ಹಾಕುತ್ತಾರೆ ಅಂದುಕೊಂಡಳು. ಅವರು ಬಿಚ್ಚಿಟ್ಟಿದ್ದ ಬೂಟನ್ನು ಎಳೆದುಕೊಂಡು ಕಾಲಿಗೆ ಹಾಕಿಕೊಂಡರು. ಲೇಸು ಕಟ್ಟಿದರು. ಎದ್ದು, ತಪ್ಪು ಕೇಳಿಸಿಕೊಳ್ಳುವಾಗ ಅವಳು ನಿಂತಿದ್ದ ಜಾಗದಲ್ಲಿ ಬಂದು ನಿಂತರು.

"ಹೇಳಮ್ಮ," ಎಂದರು.

ಅವಳು ಹೋಗಿ ಬೆಂಚಿನ ಮೇಲೆ ಕೂತಳು.

"ಒಂದನೇದು," ಎಂದಳು.